ಗಾಳಗಾರನಿಗೂ ಬೇಕು ಪ್ರಾಯೋಜಕ: ಅಮೆರಿಕದ ಹವ್ಯಾಸಿ ಸ್ಪರ್ಧಿಗಳು ನಡೆಯುವ ಹಾದಿ

ಬ್ರಯಾನ್ ಕೆರ್ಚಲ್ ಎಂಬ 23ರ ತರುಣ 1994ರ ಜುಲೈ ತಿಂಗಳಲ್ಲಿ ಅಮೆರಿಕದ ಗಾಳದ ಮೀನುಗಾರಿಕೆಯ ಅತ್ಯುನ್ನತ ಪ್ರಶಸ್ತಿಯಾದ 'ಬಾಸ್‌ಮಾಸ್ಟರ್ ಕ್ಲಾಸಿಕ್' ಗೆದ್ದಾಗ ಆ ಕ್ರೀಡೆಯ ಪಂಡಿತರೆಲ್ಲ ಬೆರಗಾಗಿದ್ದರು. ಕನೆಕ್ಟಿಕಟ್ ರಾಜ್ಯದ ಈ ಯುವಕ ವೃತ್ತಿಪರನಲ್ಲ. ಹೋಟೆಲೊಂದರ ಅಡುಗೆಮನೆಯಲ್ಲಿ ದುಡಿಯುತ್ತಿದ್ದ, ಊರಿನ ಗಾಳಗಾರರ ಸಂಘದ ಸದಸ್ಯನಾಗಿದ್ದ ಹವ್ಯಾಸಿ. ಹಿಂದಿನ ವರ್ಷ ಇದೇ ಸ್ಪರ್ಧೆಯಲ್ಲಿ ಆತ ಕಟ್ಟಕಡೆಯ ಸ್ಥಾನ ಪಡೆದಿದ್ದ. ನಾರ್ತ್ ಕೆರೊಲೈನಾದ ಹೈ ರಾಕ್ ಸರೋವರದಲ್ಲಿ ನಡೆದ 1994ರ ಸ್ಪರ್ಧೆಯಲ್ಲಿ ಅದೇ ತರುಣ ಘಟಾನುಘಟಿಗಳನ್ನು ಹಿಂದಿಕ್ಕಿದ. ಸಂಘಗಳ ಒಕ್ಕೂಟದ ಮೂಲಕ ಅರ್ಹತೆ ಗಳಿಸಿ ಕ್ಲಾಸಿಕ್ ಗೆದ್ದ ಮೊದಲಿಗ ಎಂಬ ಕೀರ್ತಿ ಆತನದಾಯಿತು.

ಗೆಲುವಿನ ಬೆನ್ನಲ್ಲೇ ಪ್ರಾಯೋಜಕರು ಬಂದರು. ಅದೇ ವರ್ಷ ಡಿಸೆಂಬರ್ 13ರಂದು ಪ್ರಾಯೋಜಕ ಸಂಸ್ಥೆಯೊಂದರ ಕಾರ್ಯಕ್ರಮ ಮುಗಿಸಿ ಮನೆಗೆ ಹಿಂತಿರುಗುತ್ತಿದ್ದಾಗ ಆತನಿದ್ದ ಪುಟ್ಟ ವಿಮಾನ ನಾರ್ತ್ ಕೆರೊಲೈನಾದ ರಾಲಿ-ಡರಮ್ ವಿಮಾನ ನಿಲ್ದಾಣದ ಸಮೀಪ ಅಪಘಾತಕ್ಕೀಡಾಯಿತು. ಮೃತಪಟ್ಟ 15 ಮಂದಿಯಲ್ಲಿ ಕೆರ್ಚಲ್ ಕೂಡ ಒಬ್ಬ. ಪ್ರಶಸ್ತಿ ಗೆದ್ದು ಐದು ತಿಂಗಳೂ ತುಂಬಿರಲಿಲ್ಲ.

ಹವ್ಯಾಸಿ ಗಾಳಗಾರರ ಜಗತ್ತಿನಲ್ಲಿ ಕೆರ್ಚಲ್‌ನ ಹೆಸರು ಇಂದಿಗೂ ಗೌರವದಿಂದ ಉಚ್ಚರಿಸಲ್ಪಡುತ್ತದೆ. ಸಾಮಾನ್ಯ ದುಡಿಮೆಗಾರನೊಬ್ಬ ವಾರಾಂತ್ಯದ ಹವ್ಯಾಸವನ್ನೇ ಬದುಕಾಗಿಸಿಕೊಳ್ಳಬಹುದು ಎಂಬ ಆಸೆಗೆ ಆತ ಸಾಕ್ಷಿಯಾಗಿದ್ದಾನೆ. ಆದರೆ ಆ ಆಸೆಯ ಹಿಂದೆ ಓಡುವ ಸಾವಿರಾರು ಮಂದಿಯ ಮುಂದಿರುವ ಮೊದಲ ಪ್ರಶ್ನೆ ಮೀನಿನದ್ದಲ್ಲ, ಹಣದ್ದು. ಖರ್ಚನ್ನು ಭರಿಸುವವರು ಯಾರು? ಪ್ರಾಯೋಜಕರನ್ನು ಹುಡುಕುವುದು ಹೇಗೆ? ಅವರು ಕೊಡುವುದೇನು, ಪ್ರತಿಯಾಗಿ ಕೇಳುವುದೇನು? ಈ ಕುರಿತ ಒಂದು ಸ್ಥೂಲ ಪರಿಚಯ ಇಲ್ಲಿದೆ.

ವಿಮಾ ಏಜೆಂಟನ ಕನಸು

ಬಾಸ್ ಎಂಬುದು ಉತ್ತರ ಅಮೆರಿಕದ ಕೆರೆ, ಜಲಾಶಯ, ನದಿಗಳಲ್ಲಿ ವಾಸಿಸುವ ಸಿಹಿನೀರಿನ ಮೀನು. ದೊಡ್ಡ ಬಾಯಿಯ ತಳಿ ಮತ್ತು ಸಣ್ಣ ಬಾಯಿಯ ತಳಿ ಎಂಬ ಎರಡು ಪ್ರಕಾರಗಳು ಸ್ಪರ್ಧೆಗಳಲ್ಲಿ ಪ್ರಮುಖ. ಗಾಳಕ್ಕೆ ಸಿಕ್ಕ ಬಾಸ್ ಸುಲಭವಾಗಿ ಶರಣಾಗುವುದಿಲ್ಲ. ನೀರಿನಿಂದ ಮೇಲಕ್ಕೆ ನೆಗೆದು, ತಲೆ ಕೊಡವಿ ಹೋರಾಡುತ್ತದೆ. ಗಾಳಗಾರರಿಗೆ ಇದರ ಮೇಲೆ ಮೋಹ ಹುಟ್ಟಲು ಇದೇ ಕಾರಣ.

ಈ ಮೋಹವನ್ನು ಸಂಘಟಿತ ಕ್ರೀಡೆಯನ್ನಾಗಿ ಮಾರ್ಪಡಿಸಿದವರು ಅಲಬಾಮಾ ರಾಜ್ಯದ ಮಾಂಟ್‌ಗಮರಿಯ ವಿಮಾ ಮಾರಾಟಗಾರ ರೇ ಸ್ಕಾಟ್. 1967ರ ಜೂನ್ ತಿಂಗಳಲ್ಲಿ ಅರ್ಕನ್ಸಾದ ಬೀವರ್ ಸರೋವರದಲ್ಲಿ ಅವರು ಏರ್ಪಡಿಸಿದ ಸ್ಪರ್ಧೆಗೆ 13 ರಾಜ್ಯಗಳಿಂದ 106 ಮಂದಿ ಬಂದರು. ಪ್ರತಿಯೊಬ್ಬರೂ ತಮ್ಮ ಜೇಬಿನಿಂದ 100 ಡಾಲರ್ ಪ್ರವೇಶ ಶುಲ್ಕ ತೆತ್ತಿದ್ದರು. ಮರುವರ್ಷ ಸ್ಕಾಟ್ 'ಬಾಸ್' ಹೆಸರಿನ ಸಂಸ್ಥೆಯನ್ನು ಹುಟ್ಟುಹಾಕಿದರು. 1971ರಲ್ಲಿ ನೆವಾಡದ ಮೀಡ್ ಸರೋವರದಲ್ಲಿ ಮೊದಲ ಕ್ಲಾಸಿಕ್ ಸ್ಪರ್ಧೆ ನಡೆಯಿತು. ಅಲ್ಲಿ ಗೆದ್ದ ಬಾಬಿ ಮರ್ರೇ ಅವರಿಗೆ ದೊರೆತದ್ದು 10 ಸಾವಿರ ಡಾಲರ್. ಇತ್ತೀಚಿನ ವರ್ಷಗಳಲ್ಲಿ ಕ್ಲಾಸಿಕ್ ವಿಜೇತರಿಗೆ ಸಲ್ಲುತ್ತಿರುವ ಮೊತ್ತ 3 ಲಕ್ಷ ಡಾಲರ್.

ಪ್ರಾಯೋಜಕತ್ವದ ಬೀಜವೂ ಅದೇ ಕಾಲದಲ್ಲಿ ಬಿದ್ದಿತು. ಅರ್ಕನ್ಸಾದ ಫ್ಲಿಪ್ಪಿನ್ ಎಂಬ ಸಣ್ಣ ಊರಿನಲ್ಲಿ ಮೀನುಗಾರರಿಗೆ ಮಾರ್ಗದರ್ಶಕರಾಗಿದ್ದ ಫಾರೆಸ್ಟ್ ವುಡ್ 1968ರಲ್ಲಿ 'ರೇಂಜರ್' ದೋಣಿಗಳ ತಯಾರಿಕೆ ಆರಂಭಿಸಿದ್ದರು. ಸ್ಪರ್ಧೆಯಲ್ಲಿ ಗೆದ್ದವನ ದೋಣಿಯನ್ನು ಕಂಡವರು ಅಂಗಡಿಯಲ್ಲಿ ಅದೇ ದೋಣಿಯನ್ನು ಕೇಳುತ್ತಾರೆ ಎಂಬ ಸರಳ ಸತ್ಯ ಉದ್ಯಮಕ್ಕೆ ಮನದಟ್ಟಾಯಿತು. 1972ರಲ್ಲಿ ಸ್ಕಾಟ್, ಹಿಡಿದ ಮೀನನ್ನು ಕೊಲ್ಲದೆ ತೂಗಿದ ಬಳಿಕ ಜೀವಂತವಾಗಿ ನೀರಿಗೆ ಬಿಡುವ ಪದ್ಧತಿಯನ್ನು ಜಾರಿಗೆ ತಂದರು. ಇದರಿಂದ ಕ್ರೀಡೆಯ ಹೆಸರು ಉಳಿಯಿತು, ಮೀನುಗಳನ್ನು ಜೀವಂತವಾಗಿಡುವ ನೀರಿನ ತೊಟ್ಟಿಯು ದೋಣಿಯ ಅವಿಭಾಜ್ಯ ಅಂಗವಾಯಿತು.

ಈ ಮಾರುಕಟ್ಟೆಯ ಗಾತ್ರವನ್ನು ಅರಿಯಲು ಒಂದು ಅಂಕಿ ಸಾಕು. ಅಮೆರಿಕ ಸರ್ಕಾರದ ಮೀನು ಮತ್ತು ವನ್ಯಜೀವಿ ಸೇವೆಯ 2022ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, 16 ವರ್ಷ ಮೇಲ್ಪಟ್ಟ ಸುಮಾರು 4 ಕೋಟಿ ಮಂದಿ ಆ ವರ್ಷ ಮೀನು ಹಿಡಿಯಲು ಹೋಗಿದ್ದರು. ಅವರು ಅದಕ್ಕಾಗಿ ವ್ಯಯಿಸಿದ್ದು ಸುಮಾರು 9,900 ಕೋಟಿ ಡಾಲರ್. ಪ್ರಾಯೋಜಕರು ಹುಡುಕುವುದು ಈ 4 ಕೋಟಿ ಜನರನ್ನು ತಲುಪುವ ದಾರಿಯನ್ನು.

ಖರ್ಚಿನ ಲೆಕ್ಕ

ಗಾಳ ಹಾಕುವುದೆಂದರೆ ಕೋಲು, ದಾರ, ಎರೆಹುಳು ಎಂದು ಭಾವಿಸಿದವರಿಗೆ ಸ್ಪರ್ಧಾಳುವಿನ ಖರ್ಚಿನ ಪಟ್ಟಿ ದಿಗಿಲು ಹುಟ್ಟಿಸುತ್ತದೆ. ಎಲ್ಲ ಸಜ್ಜಿಕೆಯೊಡನೆ ಹೊಸ ಬಾಸ್ ದೋಣಿಯೊಂದರ ಬೆಲೆ ಇಂದು 50 ಸಾವಿರ ಡಾಲರ್‌ನಿಂದ ಒಂದು ಲಕ್ಷ ಡಾಲರ್‌ಗೂ ಮೇಲ್ಪಟ್ಟಿದೆ. 250 ಅಶ್ವಶಕ್ತಿಯ ಯಂತ್ರ ಕುಡಿಯುವ ಇಂಧನ, ದೋಣಿಯನ್ನು ಎಳೆದೊಯ್ಯಲು ಬೇಕಾದ ಪಿಕಪ್ ವಾಹನ, ವಿಮೆ, ಹೋಟೆಲ್ ಬಾಡಿಗೆ, ಪ್ರವೇಶ ಶುಲ್ಕ ಇವೆಲ್ಲ ಪ್ರತ್ಯೇಕ. 2018ರಲ್ಲಿ ಗಾರ್ಮಿನ್ ಕಂಪನಿ ಮಾರುಕಟ್ಟೆಗೆ ತಂದ 'ಲೈವ್‌ಸ್ಕೋಪ್' ಸೋನಾರ್ ಉಪಕರಣದ ನಂತರ ನೀರಿನಡಿಯ ಮೀನಿನ ಚಲನವಲನವನ್ನು ಪರದೆಯ ಮೇಲೆ ಕಾಣುವುದು ಸಾಧ್ಯವಾಗಿದ್ದು, ಇಂತಹ ಸಲಕರಣೆಗಳಿಗೇ ಸಾವಿರಾರು ಡಾಲರ್ ತೆರಬೇಕಾಗಿದೆ.

ಹವ್ಯಾಸಿಗಳಿಗೆ ಮೆಟ್ಟಿಲುಗಳಿಲ್ಲದಿಲ್ಲ. ಊರಿನ ಸಂಘಗಳು, ಅವುಗಳ ಒಕ್ಕೂಟವಾದ 'ಬಾಸ್ ನೇಷನ್', 'ಮೇಜರ್ ಲೀಗ್ ಫಿಶಿಂಗ್' ಸಂಸ್ಥೆ ನಡೆಸುವ 'ಬಾಸ್ ಫಿಶಿಂಗ್ ಲೀಗ್' ಎಂಬ ವಾರಾಂತ್ಯದ ಸ್ಪರ್ಧಾಸರಣಿ ಇವು ಪ್ರಮುಖವಾದವು. ಲೀಗ್‌ನಲ್ಲಿ ದೋಣಿಯಿಲ್ಲದವರೂ ಕಡಿಮೆ ಶುಲ್ಕ ತೆತ್ತು 'ಸಹ ಗಾಳಗಾರ'ರಾಗಿ ಮತ್ತೊಬ್ಬರ ದೋಣಿಯ ಹಿಂಬದಿಯಲ್ಲಿ ನಿಂತು ಸ್ಪರ್ಧಿಸಬಹುದು. ದುಬಾರಿ ದೋಣಿಗೆ ಸಾಲ ಮಾಡುವ ಮುನ್ನ ಸ್ಪರ್ಧೆಯ ಒಳಹೊರಗನ್ನು ಅರಿಯಲು ಇದು ಉತ್ತಮ ಹಾದಿ. ನ್ಯೂಜೆರ್ಸಿಯ ಮೈಕ್ ಐಕನೆಲ್ಲಿ ಒಕ್ಕೂಟದ ಮೆಟ್ಟಿಲು ಹತ್ತಿ ಬಂದವರೇ. 2003ರಲ್ಲಿ ಅವರು ಕ್ಲಾಸಿಕ್ ಗೆದ್ದರು. ಇಲಿನಾಯ್ ರಾಜ್ಯದಲ್ಲಿ 2009ರಿಂದ ಪ್ರೌಢಶಾಲಾ ಮಟ್ಟದಲ್ಲೇ ಬಾಸ್ ಮೀನುಗಾರಿಕೆಯ ರಾಜ್ಯ ಚಾಂಪಿಯನ್‌ಷಿಪ್ ನಡೆಯುತ್ತಿದೆ.

ಆದರೂ ಬಹುಮಾನದ ಹಣವನ್ನೇ ನಂಬಿ ಖರ್ಚು ಸರಿದೂಗಿಸುವುದು ಹವ್ಯಾಸಿಗಳಿಗೆ ಅಸಾಧ್ಯವೆಂದೇ ಹೇಳಬೇಕು. ನೂರಾರು ಮಂದಿ ಶುಲ್ಕ ತೆತ್ತ ಸ್ಪರ್ಧೆಯಲ್ಲಿ ಹಣ ಸಿಗುವುದು ಮೇಲಿನ ಕೆಲವರಿಗೆ ಮಾತ್ರ. ಹೀಗಾಗಿ ಪ್ರಾಯೋಜಕರ ಶೋಧ ಅನಿವಾರ್ಯವಾಗುತ್ತದೆ.

ಪ್ರಾಯೋಜಕತ್ವದ ಬಗೆಗಳು

ಅಂಗಿಯ ತುಂಬ ಲಾಂಛನ ಧರಿಸಿದವರೆಲ್ಲರಿಗೂ ಕಂಪನಿಗಳು ಸಂಬಳ ಕೊಡುತ್ತವೆ ಎಂಬುದು ಜನಸಾಮಾನ್ಯರ ತಪ್ಪು ಕಲ್ಪನೆ. ವಾಸ್ತವದಲ್ಲಿ ಪ್ರಾಯೋಜಕತ್ವಕ್ಕೆ ಹಲವು ಮೆಟ್ಟಿಲುಗಳಿವೆ.

ಮೊದಲನೆಯದು ರಿಯಾಯಿತಿ. ಕಂಪನಿಯು ಗಾಳಗಾರನನ್ನು ತನ್ನ 'ಪ್ರೊ ಸ್ಟಾಫ್' ಅಥವಾ 'ಫೀಲ್ಡ್ ಸ್ಟಾಫ್' ಬಳಗಕ್ಕೆ ಸೇರಿಸಿಕೊಂಡು ಸರಕನ್ನು ಕಡಿಮೆ ಬೆಲೆಗೆ ಕೊಡುತ್ತದೆ. ಹವ್ಯಾಸಿಗಳಿಗೆ ಸಾಮಾನ್ಯವಾಗಿ ದೊರೆಯುವುದು ಇದೇ. ಎರಡನೆಯದು ಉಚಿತ ಸರಕು: ಕೋಲು, ರೀಲು, ದಾರ, ಹುಸಿ ಎರೆಗಳು. ಮೂರನೆಯದು ದೋಣಿ ಮತ್ತು ಯಂತ್ರದ ಒಪ್ಪಂದ. ಇಲ್ಲಿಯೂ ದೋಣಿ ಪುಕ್ಕಟೆಯಲ್ಲ. ರಿಯಾಯಿತಿ ದರದಲ್ಲಿ ಕೊಂಡು, ಒಂದು ಋತು ಬಳಸಿ, ಕೊನೆಯಲ್ಲಿ ಮಾರಿ, ಮುಂದಿನ ವರ್ಷದ ದೋಣಿ ಕೊಳ್ಳುವ ಏರ್ಪಾಡು ಸಾಮಾನ್ಯ. ನಾಲ್ಕನೆಯದು ಪ್ರವೇಶ ಶುಲ್ಕ ಅಥವಾ ಪ್ರಯಾಣ ವೆಚ್ಚ ಭರಿಸುವುದು. ಐದನೆಯದು ನಗದು ಸಂಭಾವನೆ. ಇದು ಅಗ್ರಪಂಕ್ತಿಯ ವೃತ್ತಿಪರರಿಗೆ ಮತ್ತು ದೊಡ್ಡ ಪ್ರಮಾಣದಲ್ಲಿ ವೀಕ್ಷಕರನ್ನು ಹೊಂದಿದವರಿಗೆ ಸೀಮಿತ ಎನ್ನಬಹುದು.

ಮೊದಲ ಮೆಟ್ಟಿಲಿನಲ್ಲಿ ಒಂದು ಬಲೆಯೂ ಇದೆ. ಅರ್ಜಿ ಹಾಕಿದವರಿಗೆಲ್ಲ 'ಸ್ಟಾಫ್' ಪಟ್ಟ ಕಟ್ಟಿ, ರಿಯಾಯಿತಿ ದರದಲ್ಲಿ ಇಂತಿಷ್ಟು ಸರಕು ಕೊಳ್ಳಲೇಬೇಕೆಂದು ಷರತ್ತು ಹಾಕುವ ಯೋಜನೆಗಳುಂಟು. ಹೆಸರಿಗೆ ಪ್ರಾಯೋಜಿತ, ವಾಸ್ತವದಲ್ಲಿ ಆತ ಕಂಪನಿಯ ಗಿರಾಕಿ ಮತ್ತು ಸಂಬಳವಿಲ್ಲದ ಪ್ರಚಾರಕ. ಆ ಸರಕು ಇಲ್ಲದಿದ್ದರೂ ತಾನು ಅದನ್ನು ಕೊಳ್ಳುತ್ತಿದ್ದೆನೇ ಎಂಬ ಪ್ರಶ್ನೆಯನ್ನು ಕೇಳಿಕೊಂಡರೆ ಲಾಭ-ನಷ್ಟ ತಾನಾಗಿಯೇ ತಿಳಿಯುತ್ತದೆ. ಇಲ್ಲವೆಂಬುದು ಉತ್ತರವಾದರೆ ಅರ್ಧ ಬೆಲೆಯೂ ದುಂದುವೆಚ್ಚವೇ.

ಅರ್ಜಿಯಿಲ್ಲದೆ ದೊರೆಯುವ ಹಣ

ಪತ್ರ ವ್ಯವಹಾರವಿಲ್ಲದೆಯೇ ಹವ್ಯಾಸಿಗಳು ಪಡೆಯಬಹುದಾದ ಒಂದು ಬಗೆಯ ನೆರವೆಂದರೆ ಷರತ್ತುಬದ್ಧ ಬೋನಸ್. ಟೊಯೊಟಾ ಸಂಸ್ಥೆಯ 'ಬೋನಸ್ ಬಕ್ಸ್', ರೇಂಜರ್ ದೋಣಿಗಳ 'ರೇಂಜರ್ ಕಪ್', ಯಮಹಾ ಯಂತ್ರಗಳ 'ಪವರ್ ಪೇ' ಈ ಮಾದರಿಯ ಪರಿಚಿತ ಹೆಸರುಗಳು. ನಿಗದಿತ ಮಾದರಿಯ ವಾಹನ, ದೋಣಿ ಅಥವಾ ಯಂತ್ರದ ಮಾಲೀಕನಾಗಿರುವ ಗಾಳಗಾರ ಮುಂಚಿತವಾಗಿ ಹೆಸರು ನೋಂದಾಯಿಸಬೇಕು. ಸ್ಪರ್ಧೆಯಲ್ಲಿ ಹೀಗೆ ನೋಂದಾಯಿಸಿದವರ ಪೈಕಿ ಯಾರು ಎಲ್ಲರಿಗಿಂತ ಮೇಲಿನ ಸ್ಥಾನ ಪಡೆಯುತ್ತಾರೋ ಅವರಿಗೆ ಬೋನಸ್ ಸಲ್ಲುತ್ತದೆ.

ಇದರ ಸ್ವಾರಸ್ಯವನ್ನು ಉದಾಹರಣೆಯೊಂದರಿಂದ ತಿಳಿಯಬಹುದು. 150 ಮಂದಿಯ ಸ್ಪರ್ಧೆಯಲ್ಲಿ ಒಬ್ಬಾತ ಒಂಬತ್ತನೆಯವನಾದ ಎಂದುಕೊಳ್ಳೋಣ. ಆತನಿಗಿಂತ ಮೇಲಿನ ಎಂಟು ಮಂದಿಯಲ್ಲಿ ಯಾರೂ ಆ ಯೋಜನೆಗೆ ನೋಂದಾಯಿಸಿರದಿದ್ದರೆ ಬೋನಸ್ ಒಂಬತ್ತನೆಯವನ ಪಾಲಿಗೆ ಬರುತ್ತದೆ. ಅರ್ಹರಾಗಿದ್ದೂ ನೋಂದಣಿಯನ್ನು ಮರೆತು ಈ ಹಣವನ್ನು ಕಳೆದುಕೊಳ್ಳುವವರೂ ಇದ್ದಾರೆ. ಹೊಸಬರು ಕಂಪನಿಗಳಿಗೆ ಪತ್ರ ಬರೆಯುವ ಮೊದಲು ತಮ್ಮ ಬಳಿ ಈಗಾಗಲೇ ಇರುವ ವಾಹನ, ದೋಣಿಗಳಿಗೆ ಇಂತಹ ಯೋಜನೆ ಇದೆಯೇ ಎಂದು ಪರಿಶೀಲಿಸುವುದು ಒಳಿತು. ಯೋಜನೆಗಳ ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಆಯಾ ಋತುವಿನ ನಿಯಮಾವಳಿಯನ್ನೇ ನೋಡಬೇಕು.

ಮೊದಲ ಬಾಗಿಲು ಊರಿನಲ್ಲೇ

ಹೆಸರಾಂತ ಕಂಪನಿಗಳ ಮೇಜಿನ ಮೇಲೆ ಇಂತಹ ಅರ್ಜಿಗಳ ರಾಶಿಯೇ ಇರುತ್ತದೆ. ಆದುದರಿಂದ ಹವ್ಯಾಸಿಯ ಮೊದಲ ಪ್ರಾಯೋಜಕ ಆತನ ಊರಿನಲ್ಲೇ ಸಿಗುವ ಸಂಭವ ಹೆಚ್ಚು. ಗಾಳದ ಸಾಮಗ್ರಿ ಮಾರುವ ಅಂಗಡಿ, ದೋಣಿ ದುರಸ್ತಿ ಮಾಡುವವರು, ಕಾರಿನ ಡೀಲರ್, ಹೋಟೆಲ್, ದಂತವೈದ್ಯರು, ನಲ್ಲಿ ರಿಪೇರಿಯ ಗುತ್ತಿಗೆದಾರರು ಹೀಗೆ ಮೀನಿಗೆ ಸಂಬಂಧವೇ ಇಲ್ಲದವರೂ ಮುಂದೆ ಬರುತ್ತಾರೆ. ನಮ್ಮೂರುಗಳ ಕಬಡ್ಡಿ ಪಂದ್ಯಾವಳಿಗೆ ಪೇಟೆಯ ಜವಳಿ ಅಂಗಡಿಯವರು ಬನಿಯನ್ ಹೊಲಿಸಿಕೊಟ್ಟು ಬೆನ್ನ ಮೇಲೆ ತಮ್ಮ ಹೆಸರು ಬರೆಸುವುದಿಲ್ಲವೇ, ಇದೂ ಹಾಗೆಯೇ. ಹೆದ್ದಾರಿಯಲ್ಲಿ ಸಾಗುವ ದೋಣಿಯ ಮೈಮೇಲೆ ಅಂಟಿಸಿದ ಹೆಸರು ಊರಿನ ವ್ಯಾಪಾರಿಗೆ ಚಲಿಸುವ ಜಾಹೀರಾತು ಫಲಕವಿದ್ದಂತೆ.

ಊರಿನ ವ್ಯಾಪಾರಿ ಕೊಡುವ ಮೊತ್ತ ಸಣ್ಣದಿರಬಹುದು, ಎರಡು ಸ್ಪರ್ಧೆಗಳ ಶುಲ್ಕಕ್ಕಷ್ಟೇ ಸಾಲಬಹುದು. ಆದರೆ ಒಪ್ಪಂದವನ್ನು ನಿಭಾಯಿಸುವ ಶಿಸ್ತನ್ನು ಕಲಿಯಲು ಇದು ಸೂಕ್ತ ಪಾಠಶಾಲೆ. ಮುಂದೆ ದೊಡ್ಡ ಕಂಪನಿಯ ಎದುರು ನಿಂತಾಗ 'ಈ ಸಂಸ್ಥೆಗಾಗಿ ಮೂರು ವರ್ಷ ಕೆಲಸ ಮಾಡಿದ್ದೇನೆ, ಅವರನ್ನು ಕೇಳಬಹುದು' ಎಂಬ ಒಂದು ಮಾತು ಹತ್ತು ಛಾಯಾಚಿತ್ರಗಳಿಗಿಂತ ಹೆಚ್ಚು ಬೆಲೆಬಾಳುತ್ತದೆ.

ಪರಿಚಯ ಪತ್ರದಲ್ಲಿ ಏನಿರಬೇಕು?

ಕಂಪನಿಗೆ ಕಳುಹಿಸುವ ಪರಿಚಯ ಪತ್ರ ಒಂದೆರಡು ಪುಟ ಮೀರಬಾರದು ಎಂಬುದು ಬಲ್ಲವರ ಸಲಹೆ. ಅದರಲ್ಲಿ ಸಾಮಾನ್ಯವಾಗಿ ಇರಬೇಕಾದ ಅಂಶಗಳು ಇಂತಿವೆ:

* ಹೆಸರು, ಊರು, ಉದ್ಯೋಗ, ಸಂಪರ್ಕ ವಿವರ ಹಾಗೂ ಯಾವ ಸಂಘದ ಸದಸ್ಯ ಎಂಬ ಮಾಹಿತಿ
* ಕಳೆದ ಎರಡು-ಮೂರು ಋತುಗಳ ಸ್ಪರ್ಧೆಗಳು, ಪಡೆದ ಸ್ಥಾನ, ಸ್ಪರ್ಧಿಸಿದವರ ಒಟ್ಟು ಸಂಖ್ಯೆ
* ಮುಂದಿನ ಋತುವಿನಲ್ಲಿ ಭಾಗವಹಿಸಲಿರುವ ಸ್ಪರ್ಧೆಗಳ ವೇಳಾಪಟ್ಟಿ
* ದೋಣಿ ಮೇಳ, ಅಂಗಡಿ ಪ್ರಾತ್ಯಕ್ಷಿಕೆ, ಮಕ್ಕಳ ಗಾಳ ಶಿಬಿರ ಮುಂತಾದೆಡೆ ಮಾಡಿದ ಕೆಲಸ
* ಬರೆದ ಲೇಖನ, ತಯಾರಿಸಿದ ವಿಡಿಯೊ, ಸಾಮಾಜಿಕ ಜಾಲತಾಣಗಳಲ್ಲಿನ ಅನುಯಾಯಿಗಳ ನಿಜವಾದ ಸಂಖ್ಯೆ
* ಆ ಕಂಪನಿಯ ಸರಕನ್ನು ಎಷ್ಟು ಕಾಲದಿಂದ ಬಳಸುತ್ತಿದ್ದಾರೆ, ಏಕೆ ಮೆಚ್ಚುತ್ತಾರೆ
* ಕಂಪನಿಗಾಗಿ ವರ್ಷದಲ್ಲಿ ಏನೇನು ಮಾಡಬಲ್ಲರು ಎಂಬ ಸ್ಪಷ್ಟ ಭರವಸೆ

ಈ ಪಟ್ಟಿಯಲ್ಲಿ ಕೊನೆಯ ಅಂಶವೇ ಎಲ್ಲಕ್ಕಿಂತ ಮುಖ್ಯ. 'ನನಗೇನು ಕೊಡುವಿರಿ' ಎಂದು ಆರಂಭವಾಗುವ ಪತ್ರ ಕಸದ ಬುಟ್ಟಿ ಸೇರುತ್ತದೆ. 'ನಿಮಗಾಗಿ ನಾನು ಇಷ್ಟು ಮಾಡಬಲ್ಲೆ' ಎಂದು ಆರಂಭವಾಗುವ ಪತ್ರವನ್ನು ಕೊನೆಯವರೆಗೆ ಓದುವ ಸಾಧ್ಯತೆ ಇದೆ. ಉದಾಹರಣೆಗೆ, ಎರಡು ದೋಣಿ ಮೇಳಗಳಲ್ಲಿ ಮಳಿಗೆಯಲ್ಲಿ ನಿಲ್ಲುವೆ, ಮೂರು ಅಂಗಡಿಗಳಲ್ಲಿ ಪ್ರಾತ್ಯಕ್ಷಿಕೆ ನೀಡುವೆ, ತಿಂಗಳಿಗೊಂದು ವಿಡಿಯೊ ಮಾಡುವೆ ಎಂದು ಲೆಕ್ಕವಿಟ್ಟು ಹೇಳುವುದು ಉತ್ತಮ.

ಸಮಯವೂ ಗಮನಾರ್ಹ. ಕಂಪನಿಗಳು ಮುಂದಿನ ವರ್ಷದ ಪ್ರಚಾರ ಬಜೆಟ್ಟನ್ನು ಬಹುಮಟ್ಟಿಗೆ ಬೇಸಿಗೆ ಕಳೆದ ನಂತರ, ವರ್ಷಾಂತ್ಯದೊಳಗೆ ತೀರ್ಮಾನಿಸುತ್ತವೆ. ಋತು ಆರಂಭವಾದ ಮೇಲೆ ಬಂದ ಅರ್ಜಿಗೆ ಹಣ ಉಳಿದಿರುವುದಿಲ್ಲ. ಅಮೆರಿಕದ ಕ್ರೀಡಾ ಮೀನುಗಾರಿಕಾ ಉದ್ಯಮದ ಸಂಘವು ಪ್ರತಿ ಜುಲೈನಲ್ಲಿ ನಡೆಸುವ 'ಐಕಾಸ್ಟ್' ವಾಣಿಜ್ಯ ಮೇಳದಲ್ಲಿ ಹೊಸ ಸರಕುಗಳು ಬಿಡುಗಡೆಯಾಗುತ್ತವೆ. ಆ ಹೊಸ ಸರಕುಗಳ ಅರಿವಿರುವ ಅರ್ಜಿದಾರನಿಗೆ ಸಹಜವಾಗಿಯೇ ಹೆಚ್ಚಿನ ಬೆಲೆ.

ಗೆಲುವೊಂದೇ ಸಾಲದು

ಸ್ಪರ್ಧೆ ಗೆದ್ದರೆ ಪ್ರಾಯೋಜಕರು ತಾವಾಗಿ ಬರುತ್ತಾರೆ ಎಂಬುದು ಅರ್ಧ ಸತ್ಯ. ಟೆನ್ನೆಸಿಯ ಬಿಲ್ ಡ್ಯಾನ್ಸ್ ಅವರ ಬದುಕು ಇದಕ್ಕೆ ನಿದರ್ಶನ. 1967ರ ಬೀವರ್ ಸರೋವರದ ಸ್ಪರ್ಧೆಯಲ್ಲಿ ಪಾಲ್ಗೊಂಡಿದ್ದ ಅವರು 1968ರಲ್ಲಿ ದೂರದರ್ಶನ ಕಾರ್ಯಕ್ರಮವೊಂದನ್ನು ಆರಂಭಿಸಿದರು. 1980ರಲ್ಲಿ ಸ್ಪರ್ಧೆಗಳಿಂದ ನಿವೃತ್ತರಾದರೂ ಅವರ ಜನಪ್ರಿಯತೆ ಕುಗ್ಗಲಿಲ್ಲ, ಪ್ರಾಯೋಜಕರೂ ಕೈಬಿಡಲಿಲ್ಲ. ವೀಕ್ಷಕರಿಗೆ ಅವರು ಮೀನು ಹಿಡಿಯುವುದನ್ನು ಕಲಿಸಿದರು, ಜತೆಗೆ ತಮ್ಮ ಎಡವಟ್ಟುಗಳನ್ನೂ ನಗುನಗುತ್ತ ತೋರಿಸಿದರು. ಕಲಿತವರು ಅವರ ಕೈಯಲ್ಲಿದ್ದ ಕೋಲನ್ನು ಕೊಂಡರು.

ಕಂಪನಿಗೆ ಬೇಕಾದದ್ದು ತೂಕದ ಯಂತ್ರದ ಮೇಲಿನ ಅಂಕಿಗಿಂತ ಜನರ ವಿಶ್ವಾಸ. ಊರಿನ ದೋಣಿಕಟ್ಟೆಯಲ್ಲಿ ಹೊಸಬನೊಬ್ಬ ಬಂದು 'ಯಾವ ದಾರ ಕೊಳ್ಳಲಿ?' ಎಂದು ಕೇಳಿದಾಗ ತಾಳ್ಮೆಯಿಂದ ಉತ್ತರಿಸುವ ಹವ್ಯಾಸಿ, ಪ್ರಶಸ್ತಿ ಗೆದ್ದು ಮುಖ ತಿರುಗಿಸುವವನಿಗಿಂತ ಕಂಪನಿಗೆ ಉಪಯುಕ್ತ. ಸೋತ ದಿನವೂ ವೇದಿಕೆಯ ಮೇಲೆ ಸೌಜನ್ಯದಿಂದ ಮಾತನಾಡುವ ಗುಣವನ್ನು ಪ್ರಾಯೋಜಕರು ವಿಶೇಷವಾಗಿ ಗಮನಿಸುತ್ತಾರೆ.

ಒಪ್ಪಂದ, ತೆರಿಗೆ, ಕಾನೂನು

ಪ್ರಾಯೋಜಕತ್ವ ಬಾಯಿಮಾತಿನಲ್ಲಿ ಮುಗಿಯಬಾರದು. ಅವಧಿ ಎಷ್ಟು, ಲಾಂಛನ ಅಂಗಿಯ ಯಾವ ಭಾಗದಲ್ಲಿ ಇರಬೇಕು, ಎಷ್ಟು ದಿನ ಮೇಳಗಳಿಗೆ ಹಾಜರಾಗಬೇಕು, ಆ ಪ್ರಯಾಣದ ವೆಚ್ಚ ಯಾರದು, ಛಾಯಾಚಿತ್ರಗಳನ್ನು ಕಂಪನಿ ಎಲ್ಲಿಯವರೆಗೆ ಬಳಸಬಹುದು, ಎದುರಾಳಿ ಕಂಪನಿಯ ಸರಕನ್ನು ಬಳಸಬಹುದೇ, ಒಪ್ಪಂದ ಮುರಿಯುವುದು ಹೇಗೆ ಎಂಬುದೆಲ್ಲ ಬರಹದಲ್ಲಿರಬೇಕು. ಕೋಲಿನ ಕಂಪನಿಯೊಂದಕ್ಕೆ ಬದ್ಧನಾದವನು ಮತ್ತೊಂದು ಕೋಲು ಹಿಡಿದ ಚಿತ್ರ ಪ್ರಕಟಿಸಿದರೆ ಒಪ್ಪಂದಕ್ಕೆ ಕುತ್ತು ಬರಬಹುದು.

ತೆರಿಗೆಯ ವಿಚಾರದಲ್ಲಿ ಹಲವರು ಎಡವುತ್ತಾರೆ. ಮಾಡಿದ ಕೆಲಸಕ್ಕೆ ಪ್ರತಿಯಾಗಿ ಬಂದ ಸರಕಿಗೂ ಮಾರುಕಟ್ಟೆ ಬೆಲೆ ಕಟ್ಟಿ ಅಮೆರಿಕದಲ್ಲಿ ಆದಾಯವೆಂದೇ ಪರಿಗಣಿಸಲಾಗುತ್ತದೆ. ಚಟುವಟಿಕೆ ಕೇವಲ ಹವ್ಯಾಸವೆಂದಾದರೆ ಆದಾಯಕ್ಕೆ ತೆರಿಗೆ ತೆರಬೇಕು, ಆದರೆ 2018ರಿಂದೀಚೆಗೆ ಅದರ ಖರ್ಚನ್ನು ಕಳೆಯಲು ಕೇಂದ್ರ ತೆರಿಗೆ ಕಾನೂನಿನಲ್ಲಿ ಅವಕಾಶವಿಲ್ಲ. ಲಾಭದ ಉದ್ದೇಶದ ವ್ಯವಹಾರವೆಂದು ಸಾಬೀತಾದರೆ ಖರ್ಚು ಕಳೆಯಬಹುದು. ಐದು ವರ್ಷಗಳ ಪೈಕಿ ಮೂರರಲ್ಲಿ ಲಾಭ ತೋರಿಸಿದರೆ ಲಾಭದ ಉದ್ದೇಶವಿದೆ ಎಂದು ತೆರಿಗೆ ಇಲಾಖೆ ಸಾಮಾನ್ಯವಾಗಿ ಭಾವಿಸುತ್ತದೆ. ಹೀಗಾಗಿ ಪ್ರತಿ ರಸೀದಿಯನ್ನೂ ಜೋಪಾನವಾಗಿಡುವುದು ಅಗತ್ಯ.

ಜಾಹೀರಾತಿನ ನಿಯಮವೂ ಉಂಟು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2009ರಲ್ಲಿ ಹಾಗೂ ಪುನಃ 2023ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಗಳ ಪ್ರಕಾರ, ಸರಕನ್ನು ಹೊಗಳುವವರು ಕಂಪನಿಯಿಂದ ಹಣ, ಉಚಿತ ಸರಕು ಅಥವಾ ಇತರ ಪ್ರಯೋಜನ ಪಡೆದಿದ್ದರೆ ಅದನ್ನು ಎಲ್ಲರಿಗೂ ಕಾಣುವಂತೆ ತಿಳಿಸಬೇಕು. ನಾಲ್ಕು ಹುಸಿ ಎರೆ ಪುಕ್ಕಟೆ ಪಡೆದ ಹವ್ಯಾಸಿಗೂ ಇದು ಅನ್ವಯಿಸುತ್ತದೆ.

ಅಮೆರಿಕದಲ್ಲಿ ನೆಲೆಸಿ ಈ ಕ್ರೀಡೆಯತ್ತ ಒಲವು ತೋರುವ ಕನ್ನಡಿಗರು ಇನ್ನೊಂದು ಸಂಗತಿಯನ್ನು ನೆನಪಿಡಬೇಕು. ಎಚ್-1ಬಿ ವೀಸಾ ಹೊಂದಿದವರು ತಮಗಾಗಿ ವೀಸಾ ಅರ್ಜಿ ಸಲ್ಲಿಸಿದ ಸಂಸ್ಥೆಯನ್ನು ಬಿಟ್ಟು ಬೇರೆಡೆ ಪ್ರತಿಫಲಕ್ಕಾಗಿ ದುಡಿಯುವಂತಿಲ್ಲ. ಪ್ರಾಯೋಜಕರಿಗಾಗಿ ಮಳಿಗೆಯಲ್ಲಿ ನಿಂತು ಹಣ ಅಥವಾ ಸರಕು ಪಡೆಯುವುದು ವೀಸಾ ಷರತ್ತಿನ ಉಲ್ಲಂಘನೆಯಾಗುವ ಅಪಾಯವಿದೆ. ಸಹಿ ಹಾಕುವ ಮುನ್ನ ವಲಸೆ ಕಾನೂನು ಬಲ್ಲ ವಕೀಲರ ಸಲಹೆ ಪಡೆಯುವುದು ಕ್ಷೇಮ.

ಮೀನಿನ ಹೊಟ್ಟೆಯಲ್ಲಿ ಸೀಸ

ವಿಶ್ವಾಸವೇ ಬಂಡವಾಳವಾಗಿರುವ ಈ ಕ್ಷೇತ್ರದಲ್ಲಿ ಅದು ಒಡೆದರೆ ಏನಾಗುತ್ತದೆ ಎಂಬುದನ್ನು 2022ರ ಸೆಪ್ಟೆಂಬರ್‌ನ ಘಟನೆಯೊಂದು ಜಗತ್ತಿಗೇ ತೋರಿಸಿತು. ಒಹಾಯೊ ರಾಜ್ಯದ ಕ್ಲೀವ್‌ಲ್ಯಾಂಡ್‌ನಲ್ಲಿ ಈರಿ ಸರೋವರದ ವಾಲೈ ಮೀನಿನ ಸ್ಪರ್ಧೆಯ ಅಂತ್ಯದಲ್ಲಿ, ಗೆದ್ದ ಜೋಡಿಯ ಮೀನುಗಳ ತೂಕ ಅವುಗಳ ಗಾತ್ರಕ್ಕೆ ಹೊಂದದಿರುವುದು ಸಂಘಟಕರ ಅನುಮಾನಕ್ಕೆ ಕಾರಣವಾಯಿತು. ಎಲ್ಲರ ಎದುರು ಮೀನನ್ನು ಸೀಳಿದಾಗ ಹೊಟ್ಟೆಯೊಳಗೆ ಸೀಸದ ಗುಂಡುಗಳು ಕಂಡುಬಂದವು. ಅಂದು ಪಣದಲ್ಲಿದ್ದ ಬಹುಮಾನ ಸುಮಾರು 28 ಸಾವಿರ ಡಾಲರ್. ಆರೋಪಿಗಳಿಬ್ಬರೂ 2023ರಲ್ಲಿ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡರು. ಅವರಿಗೆ ಹತ್ತು ದಿನಗಳ ಸೆರೆವಾಸವಾಯಿತು, ಗಾಳದ ಪರವಾನಗಿ ಮೂರು ವರ್ಷ ಅಮಾನತಾಯಿತು, ದೋಣಿಯೂ ಕೈತಪ್ಪಿತು.

ಇಂತಹ ವಂಚನೆಯನ್ನು ತಡೆಯಲೆಂದೇ ಪ್ರಮುಖ ಸ್ಪರ್ಧೆಗಳಲ್ಲಿ ಸುಳ್ಳುಪತ್ತೆ ಪರೀಕ್ಷೆಗೆ ಒಪ್ಪಿ ಸಹಿ ಹಾಕಬೇಕೆಂಬ ನಿಯಮವಿದೆ. ಪರಿಚಯ ಪತ್ರದಲ್ಲಿ ಸ್ಥಾನವನ್ನು ಉತ್ಪ್ರೇಕ್ಷಿಸುವುದು, ಅನುಯಾಯಿಗಳ ಸಂಖ್ಯೆಯನ್ನು ಹಣ ಕೊಟ್ಟು ಹಿಗ್ಗಿಸುವುದು ಸೀಸದ ಗುಂಡಿನಷ್ಟು ಘೋರವಲ್ಲದಿರಬಹುದು. ಆದರೆ ಅವೂ ಅದೇ ಜಾತಿಯವು. ಕಂಪನಿಗಳು ಅವನ್ನು ಪರಿಶೀಲಿಸುವುದು ಕಷ್ಟವೇನಲ್ಲ.

ಪ್ರಾಯೋಜಕರೂ ಶಾಶ್ವತವಲ್ಲ

ಪ್ರಾಯೋಜಕತ್ವವನ್ನೇ ನಂಬಿ ಉದ್ಯೋಗ ಬಿಡುವವರಿಗೆ 2009ರ ವರ್ಷ ಒಂದು ಪಾಠ. ಆರ್ಥಿಕ ಕುಸಿತದ ಆ ದಿನಗಳಲ್ಲಿ ಜನರಲ್ ಮೋಟಾರ್ಸ್ ದಿವಾಳಿ ರಕ್ಷಣೆ ಕೋರಿತು. ರೇಂಜರ್ ದೋಣಿಗಳ ಅಂದಿನ ಮಾತೃಸಂಸ್ಥೆಯಾಗಿದ್ದ ಜೆನ್‌ಮಾರ್ ಕೂಡ ಅದೇ ವರ್ಷ ಅದೇ ಹಾದಿ ಹಿಡಿಯಿತು. ವಾಹನ ಮತ್ತು ದೋಣಿ ಈ ಕ್ರೀಡೆಯ ಎರಡು ಆಧಾರಸ್ತಂಭಗಳು. ಅವೇ ಅಲುಗಾಡಿದಾಗ ಅವುಗಳ ನೆರಳಿನಲ್ಲಿದ್ದ ಗಾಳಗಾರರೂ ತತ್ತರಿಸಿದರು. ಸ್ಪರ್ಧಾ ಸಂಸ್ಥೆಗಳೂ ಕೈ ಬದಲಾಗುತ್ತಿರುತ್ತವೆ. ರೇ ಸ್ಕಾಟ್ ಹುಟ್ಟುಹಾಕಿದ ಬಾಸ್ ಸಂಸ್ಥೆ 2001ರಲ್ಲಿ ಇಎಸ್‌ಪಿಎನ್ ವಶವಾಗಿ, 2010ರಲ್ಲಿ ಮತ್ತೆ ಬೇರೆಯವರಿಗೆ ಮಾರಾಟವಾಯಿತು. ಫಾರೆಸ್ಟ್ ಎಲ್. ವುಡ್ ಅವರ ಹೆಸರಿನ ಮೊದಲಕ್ಷರಗಳನ್ನು ಹೊತ್ತಿದ್ದ ಎಫ್‌ಎಲ್‌ಡಬ್ಲ್ಯು ಸಂಸ್ಥೆಯನ್ನು 2019ರಲ್ಲಿ ಮೇಜರ್ ಲೀಗ್ ಫಿಶಿಂಗ್ ಕೊಂಡಿತು. ವುಡ್ 2020ರಲ್ಲಿ, ಸ್ಕಾಟ್ 2022ರಲ್ಲಿ ನಿಧನರಾದರು.

ಹೀಗಾಗಿ ಮನೆಯ ಖರ್ಚು, ಮಕ್ಕಳ ಶಾಲಾ ಶುಲ್ಕ, ಆರೋಗ್ಯ ವಿಮೆ ಇವನ್ನು ಪ್ರಾಯೋಜಕರ ಚೆಕ್ಕಿನ ಮೇಲೆ ನಿಲ್ಲಿಸಬಾರದು ಎಂಬುದು ಅನುಭವಿಗಳು ನೀಡುವ ಎಚ್ಚರಿಕೆ. ಒಂದೇ ಪ್ರಾಯೋಜಕನನ್ನು ನೆಚ್ಚಿಕೊಳ್ಳುವ ಬದಲು ಸಣ್ಣಪುಟ್ಟ ಮೂರು-ನಾಲ್ಕು ಒಪ್ಪಂದಗಳನ್ನು ಹೊಂದುವುದು, ಋತುವಿನ ಕೊನೆಯಲ್ಲಿ ಪ್ರತಿಯೊಬ್ಬರಿಗೂ ಮಾಡಿದ ಕೆಲಸದ ವರದಿ ಸಲ್ಲಿಸುವುದು ವಿವೇಕ. ಕೇಳದೆಯೇ ಕೊಟ್ಟ ವರದಿ ಮುಂದಿನ ವರ್ಷದ ನವೀಕರಣಕ್ಕೆ ಅತ್ಯುತ್ತಮ ಶಿಫಾರಸು.

ಕಾವೇರಿಯ ಕಥೆ ಬೇರೆ

ಗಾಳದ ಕ್ರೀಡೆಗೆ ಕರ್ನಾಟಕವೂ ಅಪರಿಚಿತವಲ್ಲ. 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಕುಟುಂಬದವರು ಕಬಿನಿ ನದಿಯಲ್ಲಿ ಹಿಡಿದ 120 ಪೌಂಡ್ ತೂಕದ ಮಹಶೀರ್ ಇಂದಿಗೂ ಗಾಳಗಾರರ ಬಾಯಲ್ಲಿದೆ. ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿಯ ಶಿಬಿರಗಳಿಗೆ ದೇಶವಿದೇಶಗಳಿಂದ ಜನ ಬರುತ್ತಿದ್ದ ಕಾಲವಿತ್ತು. ಅಲ್ಲಿಯೂ ಹಿಡಿದ ಮೀನನ್ನು ಮರಳಿ ಹೊಳೆಗೇ ಬಿಡಲಾಗುತ್ತಿತ್ತು. ಆದರೆ ಆ ಪ್ರದೇಶ ಕಾವೇರಿ ವನ್ಯಜೀವಿ ಧಾಮದ ವ್ಯಾಪ್ತಿಯದಾದ್ದರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅನ್ವಯ 2010ರ ದಶಕದ ಆರಂಭದಲ್ಲಿ ಅಲ್ಲಿ ಗಾಳ ಹಾಕುವುದು ನಿಂತಿತು. ಕಾವೇರಿ ಕಣಿವೆಗೆ ಮಾತ್ರ ಸೀಮಿತವಾದ ಡುಬ್ಬದ ಮಹಶೀರ್ ಅನ್ನು 2018ರಲ್ಲಿ ಅಳಿವಿನಂಚಿನ ಅತ್ಯಂತ ಗಂಭೀರ ವರ್ಗಕ್ಕೆ ಸೇರಿಸಲಾಯಿತು. ಅಮೆರಿಕದ ಕೆರೆಗಳಲ್ಲಿ ಹೇರಳವಾಗಿರುವ ಬಾಸ್‌ಗೂ ಕಾವೇರಿಯ ಈ ಮೀನಿಗೂ ಇರುವ ವ್ಯತ್ಯಾಸವನ್ನು ಮರೆತು ಅಲ್ಲಿನ ಸ್ಪರ್ಧಾ ಮಾದರಿಯನ್ನು ಇಲ್ಲಿಗೆ ತರುವುದು ಸಾಧುವಲ್ಲ.

ಅದೇನೇ ಇರಲಿ, ಹಣಕ್ಕಾಗಿ ಇನ್ನೊಬ್ಬರ ಬಾಗಿಲು ತಟ್ಟುವ ಕಷ್ಟ ಎಲ್ಲ ಹವ್ಯಾಸಿ ಕ್ರೀಡಾಪಟುಗಳಿಗೂ ಒಂದೇ. ಅಮೆರಿಕದ ಗಾಳಗಾರರು ಅರ್ಧ ಶತಮಾನದ ಅನುಭವದಿಂದ ಕಲಿತದ್ದು ಇಷ್ಟು: ಪ್ರಾಯೋಜಕತ್ವ ದಾನವಲ್ಲ, ಬಹುಮಾನವೂ ಅಲ್ಲ, ಅದೊಂದು ಉದ್ಯೋಗ. ಅಡುಗೆಮನೆಯಿಂದ ಬಂದು ಕ್ಲಾಸಿಕ್ ಗೆದ್ದ ಬ್ರಯಾನ್ ಕೆರ್ಚಲ್ ತನ್ನ ಬದುಕಿನ ಕಡೆಯ ದಿನವನ್ನು ಕಳೆದದ್ದು ಸರೋವರದಲ್ಲಲ್ಲ, ಆ ಉದ್ಯೋಗದಲ್ಲಿ.